ನಿಮಗಿದು ಗೊತ್ತೇ? ಸುದ್ದಿಯಾದ ನೆರೆ, ಸುದ್ದಿಯಾಗದ ಬರ

ಒಲಿಂಪಿಕ್ಸ್ ನಡೆಯುವಾಗ ಎಲ್ಲೋ ಭೂಕಂಪವಾದರೆ ಅಲ್ಲಿಯವರಿಗೆ ನೆರವು ಸಿಗುವ ಸಾಧ್ಯತೆ ಕಡಿಮೆ! ಐಸೆನ್ಸೀ ಮತ್ತು ಸ್ಟ್ರೋಮ್‌ಬರ್ಗ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1968ರಿಂದ 2002ರವರೆಗಿನ ಸುಮಾರು 5,000 ವಿಕೋಪಗಳನ್ನು ಅಮೆರಿಕದ ಟಿ.ವಿ. ಸುದ್ದಿಯೊಂದಿಗೆ ತಾಳೆ ನೋಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಟೋಟದ ಸುದ್ದಿ ತುಂಬಿಕೊಂಡ ದಿನಗಳಲ್ಲಿ ವಿಕೋಪಕ್ಕೆ ಜಾಗ ಸಿಗುತ್ತಿರಲಿಲ್ಲ. ಸುದ್ದಿಯಾಗದ ವಿಕೋಪಕ್ಕೆ ಅಮೆರಿಕ ಸರ್ಕಾರದ ನೆರವೂ ಅಷ್ಟಕ್ಕಷ್ಟೇ.

ಅದೇ ಅಧ್ಯಯನದ ಇನ್ನೊಂದು ಲೆಕ್ಕ ಓದುವಾಗ ಹೊಟ್ಟೆ ಕಿವುಚುತ್ತದೆ. ಜ್ವಾಲಾಮುಖಿಗೆ ಒಬ್ಬರು ಬಲಿಯಾದಾಗ ಸಿಗುವಷ್ಟೇ ಟಿ.ವಿ. ಗಮನ ಆಹಾರದ ಅಭಾವಕ್ಕೂ ಸಿಗಬೇಕೆಂದರೆ ಸುಮಾರು 40,000 ಜನ ಸಾಯಬೇಕು. ಲಾವಾ ಉಕ್ಕುವುದನ್ನು ಒಂದು ರಾತ್ರಿಯಲ್ಲಿ ಚಿತ್ರೀಕರಿಸಬಹುದು. ಹಸಿವು ತಿಂಗಳುಗಟ್ಟಲೆ ಕೊಲ್ಲುತ್ತದೆ, ಅದಕ್ಕೆ ಇಂಥದೇ ದಿನಾಂಕ ಅಂತಿಲ್ಲ.

2004ರ ಡಿಸೆಂಬರ್ 26ರ ಸುನಾಮಿಗೆ ಹರಿದುಬಂದ ಅಂತರರಾಷ್ಟ್ರೀಯ ನೆರವನ್ನು ಹಂಚಿ ನೋಡಿದರೆ ಪ್ರತಿ ಸಂತ್ರಸ್ತರಿಗೆ ಕನಿಷ್ಠ 7,100 ಡಾಲರ್. ಅದೇ ವರ್ಷ ಬಾಂಗ್ಲಾದೇಶದಲ್ಲಿ 3.6 ಕೋಟಿ ಜನ ನೆರೆಗೆ ಸಿಕ್ಕಿದ್ದರು. ಅವರಿಗಾಗಿ ಖರ್ಚಾದದ್ದು ತಲಾ 3 ಡಾಲರ್! ಸುನಾಮಿ ನೆರವಿನ ಮೌಲ್ಯಮಾಪನಕ್ಕೆಂದೇ ಒಗ್ಗೂಡಿದ ಸಂಸ್ಥೆಗಳು ಕೊಟ್ಟ ಲೆಕ್ಕ ಇದು. ಇಂಡೊನೇಷ್ಯಾದ ಆಚೆಹ್‌ಗೂ ತಮಿಳುನಾಡಿನ ನಾಗಪಟ್ಟಣಕ್ಕೂ ಕೊಟ್ಟದ್ದು ಹೆಚ್ಚಾಯಿತೆಂದು ಯಾರೂ ಹೇಳಬಾರದು, ಅಲ್ಲಿ ಮನೆಮಠ ಎಲ್ಲ ಹೋಗಿತ್ತು. ಆದರೆ ಆ 3 ಡಾಲರ್‌ಗೆ ಏನೆಂದು ಉತ್ತರ ಹೇಳುವುದು?

ಹಣ ಸಾಕಾಯಿತು, ಸುನಾಮಿ ಹೆಸರಿನಲ್ಲಿ ಇನ್ನು ಕೊಡಬೇಡಿ ಎಂದು ಒಂದು ಸಂಸ್ಥೆ ಸುಮಾರು ಒಂದು ವಾರದಲ್ಲೇ ಹೇಳಿಬಿಟ್ಟಿತು. ಹೆಸರು ಮೆಡಿಸಾಂ ಸಾಂ ಫ್ರಾಂಟಿಯರ್, ಅಂದರೆ ಗಡಿ ನೋಡದೆ ಚಿಕಿತ್ಸೆ ಕೊಡುವ ವೈದ್ಯರ ಸಂಘಟನೆ. ಬಂದ ಹಣವನ್ನು ಬೇರೆ ಕಡೆಯ ಸಂಕಟಗಳಿಗೆ ಬಳಸಬಹುದೇ ಎಂದು ದಾನಿಗಳನ್ನೇ ಕೇಳಿತು. ಇಂಥ ಪ್ರಾಮಾಣಿಕತೆ ಅಪರೂಪ.

ಕರೆಂಟ್ ಹೋದರೆ ಸುದ್ದಿಯೂ ಹೋಗುತ್ತದೆ. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪಕ್ಕೆ ಅಪ್ಪಳಿಸಿದಾಗ ಇಡೀ ದ್ವೀಪ ಕತ್ತಲಾಯಿತು. ಶೇ 95ರಷ್ಟು ಮೊಬೈಲ್ ಟವರ್‌ಗಳು ನಿಂತವು. ಅಳುವ ದನಿ ಹೊರಗೆ ಕೇಳಿಸುವ ದಾರಿಯೇ ಇರಲಿಲ್ಲ. ಅದಕ್ಕೂ ಮುನ್ನ ಕೆಲವೇ ವಾರಗಳ ಅಂತರದಲ್ಲಿ ಟೆಕ್ಸಸ್‌ಗೆ ಹಾರ್ವೆ, ಫ್ಲಾರಿಡಾಕ್ಕೆ ಇರ್ಮಾ ಚಂಡಮಾರುತಗಳು ಬಡಿದಿದ್ದವು. ಆ ಸಂತ್ರಸ್ತರ ಕುಟುಂಬಗಳಿಗೆ ಮೊದಲ 9 ದಿನಗಳಲ್ಲೇ ಸುಮಾರು 10 ಕೋಟಿ ಡಾಲರ್ ಮಂಜೂರಾಗಿತ್ತು. ಮರಿಯಾ ಸಂತ್ರಸ್ತರಿಗೆ ಅಷ್ಟೇ ದಿನಗಳಲ್ಲಿ ಸಿಕ್ಕಿದ್ದು 60 ಲಕ್ಷ ಚಿಲ್ಲರೆ ಡಾಲರ್.

ಪೋರ್ಟೊ ರಿಕೊದವರು ಅಮೆರಿಕದ ಪ್ರಜೆಗಳೇ. ಆದರೆ ಅದು ಅಮೆರಿಕನ್ನರಲ್ಲೇ ಅರ್ಧದಷ್ಟು ಮಂದಿಗೆ ಮಾತ್ರ ಗೊತ್ತಿತ್ತು ಎಂದು ಆಗಿನ ಒಂದು ಸಮೀಕ್ಷೆ ತೋರಿಸಿತು. ಗೊತ್ತಿದ್ದವರಲ್ಲಿ 10ಕ್ಕೆ 8 ಜನ ನೆರವು ಕೊಡಲೇಬೇಕು ಎಂದರೆ, ಗೊತ್ತಿಲ್ಲದವರಲ್ಲಿ ಹಾಗೆಂದವರು 10ಕ್ಕೆ 4 ಜನ.

ಆ ದ್ವೀಪದಲ್ಲಿ ಸತ್ತವರು 64 ಎಂದು ಸರ್ಕಾರ ತಿಂಗಳುಗಟ್ಟಲೆ ಹೇಳುತ್ತಲೇ ಇತ್ತು. ಡಯಾಲಿಸಿಸ್ ಯಂತ್ರ ನಿಂತು ಸತ್ತವರು, ಆಮ್ಲಜನಕದ ಯಂತ್ರಕ್ಕೆ ಕರೆಂಟ್ ಇಲ್ಲದೆ ಉಸಿರು ಬಿಟ್ಟವರು, ಇಂಥ ಹಲವರು ಆ ಲೆಕ್ಕಕ್ಕೆ ಬರಲೇ ಇಲ್ಲ. 2018ರ ಜೂನ್‌ನಲ್ಲಿ ಜನ ತೀರಿಹೋದ ತಮ್ಮವರ ಚಪ್ಪಲಿ, ಶೂಗಳನ್ನು ತಂದು ರಾಜಧಾನಿ ಸಾನ್ ಹ್ವಾನ್‌ನ ಶಾಸನಸಭೆಯ ಮುಂದೆ ಜೋಡಿಸಿಟ್ಟರು. ಅಜ್ಜಿಯರ ಚಪ್ಪಲಿ, ಮಕ್ಕಳ ಬೂಟು, ಹೀಗೆ ನೂರಾರು ಜೊತೆ. ಆಗಸ್ಟ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ ಬಂತು. ಸಂಖ್ಯೆ 2,975ಕ್ಕೆ ಏರಿತು, ಸರ್ಕಾರವೂ ಒಪ್ಪಿಕೊಂಡಿತು. ಕೊನೆಯ ಮನೆಗಳಿಗೆ ಕರೆಂಟ್ ಬರುವ ಹೊತ್ತಿಗೆ ಹನ್ನೊಂದು ತಿಂಗಳು ಕಳೆದಿತ್ತು.

ನಮ್ಮ ದೇಶದ ಕತ್ತಲೆಯ ಕಥೆಗೆ ಬರೋಣ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಒಟ್ಟಿಗೇ ಕುಸಿದು 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಕತ್ತಲಾಯಿತು. ಜಗತ್ತಿನ ಅತಿ ದೊಡ್ಡ ವಿದ್ಯುತ್ ನಿಲುಗಡೆ ಎಂದು ಹಲವು ದೇಶಗಳ ಪತ್ರಿಕೆಗಳು ಬರೆದವು. ಆದರೆ 2011ರ ಜನಗಣತಿ ತೆಗೆದು ನೋಡಿ: ಬಿಹಾರದಲ್ಲಿ ವಿದ್ಯುತ್ ದೀಪ ಉರಿಯುತ್ತಿದ್ದುದು 100ಕ್ಕೆ 16 ಮನೆಗಳಲ್ಲಿ ಮಾತ್ರ. ಉಳಿದ ಮನೆಗಳಲ್ಲಿ ಆ ರಾತ್ರಿಯೂ ಸೀಮೆಎಣ್ಣೆ ಬುಡ್ಡಿ, ಹಿಂದಿನ ರಾತ್ರಿಯೂ ಅದೇ. ಆ ಕತ್ತಲೆ ಮುಖಪುಟಕ್ಕೆ ಬಂದದ್ದು ಅಪರೂಪ.

  

ಸಿಡಿಲಿನ ಸಾವುಗಳ ಕಥೆಯೂ ಹೀಗೇ. 2022ರಲ್ಲಿ ದೇಶದಲ್ಲಿ ಪ್ರಕೃತಿಯ ಮುನಿಸಿಗೆ ಸತ್ತವರು 8,060. ಅವರಲ್ಲಿ 2,887 ಜನರನ್ನು ಕೊಂದದ್ದು ಸಿಡಿಲು. ಹೊಲದಲ್ಲಿ ಒಬ್ಬರು, ಮರದಡಿ ಇಬ್ಬರು, ಹೀಗೆ ಬಿಡಿಬಿಡಿಯಾಗಿ ಸಾಯುವುದರಿಂದ ಸುದ್ದಿ ಒಳಪುಟದ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ.

ಪತ್ರಿಕೆ ಓದುವವರು ಹೆಚ್ಚಿರುವ ರಾಜ್ಯದಲ್ಲಿ ಬರ ಪರಿಹಾರವೂ ಹೆಚ್ಚು! ಅರ್ಥಶಾಸ್ತ್ರಜ್ಞರಾದ ಟಿಮೊತಿ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್ ಭಾರತದ 16 ದೊಡ್ಡ ರಾಜ್ಯಗಳ 1958ರಿಂದ 1992ರವರೆಗಿನ ಲೆಕ್ಕ ಕೆದಕಿದರು. ಬೆಳೆ ಹೋದಾಗ, ನೆರೆ ಬಂದಾಗ ಪತ್ರಿಕೆಗಳ ಪ್ರಸಾರ ಹೆಚ್ಚಿದ್ದ ರಾಜ್ಯಗಳ ಸರ್ಕಾರಗಳೇ ಪಡಿತರ ಹಂಚಲು, ಪರಿಹಾರ ಕೊಡಲು ಮುಂದಾಗಿದ್ದವು. ಅದಕ್ಕಿಂತ ಮುಖ್ಯವಾದದ್ದು, ಈ ಪರಿಣಾಮ ಕಂಡದ್ದು ಇಂಗ್ಲಿಷ್ ಪತ್ರಿಕೆಗಳಿಂದಲ್ಲ, ಆಯಾ ರಾಜ್ಯದ ಭಾಷೆಯ ಪತ್ರಿಕೆಗಳಿಂದ. ಹೊಲದ ಬದುವಿನಲ್ಲಿ ನಿಂತು ಒಣಗಿದ ತೊಗರಿಯ ಫೋಟೊ ಕಳಿಸುವ ತಾಲ್ಲೂಕು ವರದಿಗಾರರಿಗೆ ಇದಕ್ಕಿಂತ ದೊಡ್ಡ ಗೌರವ ಬೇಕಿಲ್ಲ.

ಬರಕ್ಕೆ ಹೆಲಿಕಾಪ್ಟರ್‌ನಿಂದ ತೆಗೆದ ದೃಶ್ಯ ಇರುವುದಿಲ್ಲ, ದೋಣಿಯಿಂದ ಮಗುವನ್ನು ಎತ್ತಿಕೊಳ್ಳುವ ಯೋಧನೂ ಇರುವುದಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ಹಣ ಬಾರದೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಬೇಕಾಯಿತು. 3,454 ಕೋಟಿ ಬಿಡುಗಡೆಯಾದದ್ದು ಏಪ್ರಿಲ್ ಕೊನೆಯಲ್ಲಿ. ಅಷ್ಟು ಹೊತ್ತಿಗೆ ರೈತರು ಮುಂದಿನ ಮುಂಗಾರಿನ ಬಿತ್ತನೆಗೆ ಬೀಜ, ಗೊಬ್ಬರದ ಸಾಲ ಹುಡುಕುವ ಕಾಲ ಬಂದಿತ್ತು.