ದನಕರುಗಳ ಕಡಿತವೂ ಅದರ ಚಿಕಿತ್ಸೆಯೂ

ಹಸು ಕಚ್ಚುವದುಂಟೇ ಎಂದು ಈ ತಲೆಬರಹವನ್ನು ಕಂಡ ಕೂಡಲೆ ನಮ್ಮ ವಾಚಕರಲ್ಲಿ ಕೆಲವರು ನಗಬಹುದು. ಹಸುವು ಒದೆಯುವದನ್ನೂ ಹಾಯುವದನ್ನೂ ಎಲ್ಲರೂ ಬಲ್ಲರು. ಕಚ್ಚುವದು ಅಪರೂಪವೇ ಸರಿ. ಅದರ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳು ಇಲ್ಲವಾದ ಕಾರಣ ಕಚ್ಚಿದರೂ ಚರ್ಮವು ತರಚುವದು, ಇಲ್ಲವೆ ಬೆರಳು ಒಳಗಿನ ದವಡೆಹಲ್ಲುಗಳಿಗೆ ಸಿಕ್ಕಿ ಜಜ್ಜಿಹೋಗುವದು. ಆದರೆ ಗಾಯವು ಅಲ್ಪವಾದರೆ ಅಪಾಯವೂ ಅಲ್ಪವೆಂದು ಎಣಿಸಕೂಡದು. ಗಂಡಸರು ಹೊಲಕ್ಕೆ ಹೋದ ಬಳಿಕ ಕೊಟ್ಟಿಗೆಯನ್ನು ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರೂ ಮಕ್ಕಳೂ ಆಗಿರುವದರಿಂದ ಈ ಸಂಗತಿಯನ್ನು ನಮ್ಮ ಹಳೇ ವಿದ್ಯಾರ್ಥಿನಿಯರ ಮುಂದಿಡುವದು ಯುಕ್ತವೆಂದು ನಮಗೆ ತೋರಿತು.

ಹುಚ್ಚುನಾಯಿ ಕಚ್ಚಿದ ಹಸುವಿಗೆ ಕೆಲವು ವಾರಗಳ, ಒಮ್ಮೊಮ್ಮೆ ಕೆಲವು ತಿಂಗಳುಗಳ ತರುವಾಯ ಅದೇ ರೋಗವು ಬರುವದು. ಅಷ್ಟರಲ್ಲಿ ನಾಯಿಯ ಮಾತು ಮನೆಯವರಿಗೆ ಮರೆತೇ ಹೋಗಿರುವದು. ಹಸುವು ಮೇವು ಬಿಡುವದು. ಅದರ ಕೂಗು ಒಡಕಾಗುವದು. ಗಂಟಲಿನ ನರಗಳು ಸತ್ವಗುಂದಿ ನುಂಗಲಾರದೆ ಬಾಯಿಂದ ಜೊಲ್ಲು ಸುರಿಯುವದು. ಇದನ್ನು ಕಂಡವರು ಮಾವಿನ ಓಟೆಯೋ ಮತ್ತೇನೋ ಗಂಟಲಲ್ಲಿ ಸಿಕ್ಕಿದೆಯೆಂದು ಬರಿಗೈಯನ್ನು ಮೊಣಕೈಯವರೆಗೂ ಬಾಯೊಳಗೆ ತೂರಿಸಿ ಹುಡುಕುವರು. ಇಲ್ಲವೆ ಕಾಲುಬಾಯಿ ಬೇನೆಯೆಂದು ತಿಳಿದು ಗೊಟ್ಟದಿಂದ ಕಷಾಯವನ್ನು ಕುಡಿಸುವರು. ರೋಗದ ವಿಷವು ಇರುವದು ಆ ಜೊಲ್ಲಿನಲ್ಲಿಯೇ. ಕೈಯಲ್ಲಿ ಹುಲ್ಲು ಕೊಯ್ದ ಗೀರೊಂದಿದ್ದರೂ ಅದು ಒಳಹೊಗುವದಕ್ಕೆ ಸಾಕು. ಈ ರೋಗದ ಲಕ್ಷಣಗಳು ಮನುಷ್ಯರಲ್ಲಿ ಒಮ್ಮೆ ತೋರಿದ ಮೇಲೆ ಬದುಕಿದವರು ಲೋಕದಲ್ಲೆಲ್ಲಾ ಬೆರಳೆಣಿಕೆಯಷ್ಟು ಮಾತ್ರ. ಆದಕಾರಣ ಜೊಲ್ಲು ಸುರಿಸುವ ದನದ ಬಾಯಿಗೆ ಕೈಯಿಡದೆ, ಅದನ್ನು ಬೇರೆ ಕಟ್ಟಿಸಿ ಪಶುವೈದ್ಯರನ್ನು ಕರೆಯಿಸತಕ್ಕದ್ದು.

ಕಡಿತವಾದರೆ, ಅಥವಾ ಜೊಲ್ಲು ಗಾಯಕ್ಕೆ ತಗಲಿದರೆ, ಮೊದಲನೆಯ ಔಷಧವು ಮನೆಯಲ್ಲಿಯೇ ಇರುವದು: ಸಾಬೂನು ಮತ್ತು ನೀರು. ಈ ರೋಗಾಣುವಿನ ಮೇಲೆ ಕೊಬ್ಬಿನ ಹೊದಿಕೆಯೊಂದುಂಟು. ಸಾಬೂನು ಅದನ್ನು ಕರಗಿಸಿ ರೋಗಾಣುವನ್ನೇ ಕೆಡಿಸುವದು. ಸುರಿಯುವ ನೀರಿನಲ್ಲಿ ಗಡಿಯಾರ ನೋಡಿ 15 ನಿಮಿಷ ತೊಳೆಯಬೇಕು. ಎರಡು ಚೊಂಬು ಹೊಯ್ದು ಸಾಕೆನ್ನಬಾರದು. ಆಮೇಲೆ ಅಯೋಡಿನ್ ಹಚ್ಚಬಹುದು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಸೊಪ್ಪಿನ ರಸ ಇವುಗಳನ್ನು ಮೆತ್ತಕೂಡದು.

ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಗೆ ಹದಿನಾಲ್ಕು ಸೂಜಿ ಎಂಬ ಭಯವು ಹಿರಿಯರಲ್ಲಿ ಇನ್ನೂ ಉಳಿದಿದೆ. ಅದು ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೆಯ ಮದ್ದಿನ ಮಾತು. ನಮ್ಮ ದೇಶದಲ್ಲಿ ಅದು 2005ರೊಳಗೆ ನಿಂತುಹೋಯಿತು. ಈಗಿನ ಮದ್ದನ್ನು ರಟ್ಟೆಗೆ ಹಾಕುವರು: ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ, ಬಳಿಕ 3, 7, 14, 28ನೆಯ ದಿನಗಳಲ್ಲಿ. ಚರ್ಮದೊಳಗೆ ಹಾಕುವ ಕ್ರಮದಲ್ಲಿ 14ನೆಯ ದಿನದ್ದು ಇಲ್ಲ. ರಕ್ತ ಬಂದ ಗಾಯಕ್ಕಾದರೆ ಅದರ ಸುತ್ತಲೂ ಬೇರೊಂದು ಮದ್ದನ್ನು ತುಂಬುವರು. ಇದನ್ನು ಕೇಳಿ ಹಾಕಿಸಿಕೊಳ್ಳಬೇಕು. ಧನುರ್ವಾಯುವಿನ ಸೂಜಿಯೂ ಬೇಕಾಗಬಹುದು. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ನೋಡುವ ಪದ್ಧತಿಯುಂಟಷ್ಟೆ. ಅದು ನಾಯಿಬೆಕ್ಕುಗಳಿಗೆ ಮಾತ್ರ ಸಲ್ಲುವದು. ಹಸುವು ಹತ್ತು ದಿನ ನೆಟ್ಟಗಿತ್ತೆಂದು ಮದ್ದನ್ನು ನಿಲ್ಲಿಸುವದು ತಪ್ಪು.

1885ನೇ ಜುಲೈ 6ರಲ್ಲಿ ಪ್ಯಾರಿಸ್ ನಗರದಲ್ಲಿ ಲೂಯಿ ಪಾಶ್ಚರನು ಜೋಸೆಫ್ ಮೈಸ್ಟರನೆಂಬ ಒಂಬತ್ತು ವರುಷದ ಹುಡುಗನಿಗೆ ಈ ಚಿಕಿತ್ಸೆಯನ್ನು ಮೊದಲು ಮಾಡಿಸಿದನು, ಹುಡುಗನು ಬದುಕಿದನು. ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ ಆತನ ಹೆಸರಿನ ಸಂಸ್ಥೆಯು 1907ರಲ್ಲಿ ಸ್ಥಾಪಿತವಾಯಿತು.

ಹಂದಿಯ ಕಡಿತವು ಬೇರೆ ತರದ್ದು. ಗಾಯವು ಆಳವಾಗಿ ಬೇಗನೆ ಕೀವು ಕಟ್ಟುವದು. ಮರಿಯಿರುವ ಹಂದಿಯ ಬಳಿಗೆ ಮಕ್ಕಳನ್ನು ಬಿಡಬಾರದು. ಕುದುರೆಗೆ ತಿನ್ನಿಸುವಾಗ ಬೆರಳುಗಳನ್ನು ಮಡಿಸದೆ ಅಂಗೈಯನ್ನು ಚಪ್ಪಟೆಯಾಗಿ ಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಮನೆಯ ನಾಯಿಗೆ ಪ್ರತಿವರುಷ ಸೂಜಿಮದ್ದು ಹಾಕಿಸುವದು. ದನಗಳಿಗೆ ಈ ರೋಗವು ಹೆಚ್ಚಾಗಿ ನಾಯಿಯಿಂದಲೇ ಬರುವದು.

ಹಾಲಿನ ವಿಷಯವನ್ನು ತಾಯಂದಿರು ಖಂಡಿತವಾಗಿ ಕೇಳುವರು. ರೋಗ ಹಿಡಿದ ಹಸುವಿನ ಹಾಲನ್ನು ಚೆಲ್ಲಬೇಕು. ತಿಳಿಯದೆ ಕಾಸಿದ ಹಾಲನ್ನು ಕುಡಿದಿದ್ದರೆ ಹೆದರಬೇಕಾದದ್ದಿಲ್ಲ, ಕುದಿತದಿಂದ ರೋಗಾಣು ಸಾಯುವದು. ಮಗುವು ನೊರೆಹಾಲನ್ನು ಹಸಿಯಾಗಿಯೇ ಕುಡಿದಿದ್ದರೆ ಮಾತ್ರ ವೈದ್ಯರಿಗೆ ಆ ದಿನವೇ ತಿಳಿಸಬೇಕು.