ಪಂಜರದ ಹಕ್ಕಿಗೆ ಕಡಲಿನ ಸುಣ್ಣ

ನೇತ್ರಾವತಿಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ತೆಂಕಣ ದಡದಲ್ಲಿ ಉಳ್ಳಾಲವಿದೆ. ಇಳಿತದ ಹೊತ್ತಿನಲ್ಲಿ ಅಲ್ಲಿಯ ಮರಳ ದಂಡೆಯ ಮೇಲೆ ನಡೆಯುವವರಿಗೆ ಚಿಪ್ಪುಗಳ ನಡುವೆ ಒಮ್ಮೊಮ್ಮೆ ವಿಚಿತ್ರವಾದ ಬಿಳಿಯ ತುಂಡೊಂದು ಸಿಕ್ಕುವುದುಂಟು. ಅದರ ಆಕಾರ ಪುಟ್ಟ ದೋಣಿಯದು. ಒಂದು ಮೈ ಗಟ್ಟಿ. ಇನ್ನೊಂದು ಮೈ ಉಗುರಿನಿಂದ ಗೀರಿದರೆ ಹಿಟ್ಟಾಗುವಷ್ಟು ಮೃದು. ನೀರಿಗೆ ಹಾಕಿದರೆ ತೇಲುತ್ತದೆ. ನಮ್ಮ ಹಳೆಯ ವೈದ್ಯರು ಇದಕ್ಕೆ ಸಮುದ್ರಫೇನ, ಎಂದರೆ ಕಡಲಿನ ನೊರೆ, ಎಂಬ ಹೆಸರಿಟ್ಟರು. ಇದೇ ವಸ್ತುವನ್ನು ಹಕ್ಕಿ ಸಾಕುವವರು ಅಂಗಡಿಯಿಂದ ‘ಕಟ್ಲ್ ಬೋನ್’ ಎಂದು ಕೊಂಡು ತಂದು ಪಂಜರಕ್ಕೆ ಕಟ್ಟುತ್ತಾರೆ. ಹಕ್ಕಿಗೆ ಇದು ನಿಜವಾಗಿಯೂ ಬೇಕೆ? ಬೇಕೆಂದಾದರೆ ಯಾವಾಗ, ಏಕೆ? ಇದೇ ಈ ಲೇಖನದ ಪ್ರಶ್ನೆ.

ಮೊದಲು ಈ ತುಂಡಿನ ಪರಿಚಯ ಮಾಡಿಕೊಳ್ಳೋಣ. ಇದು ನೊರೆಯೂ ಅಲ್ಲ, ಮೀನಿನ ಮೂಳೆಯೂ ಅಲ್ಲ. ಕರಾವಳಿಯ ಜನ ‘ಬೊಂಡಾಸ್’ ಎನ್ನುವ ಜೀವಿಗಳ ಬಳಗಕ್ಕೆ ಸೇರಿದ ಸೆಪಿಯಾ ಎಂಬ ಮೃದ್ವಂಗಿಯ ಬೆನ್ನೊಳಗಿನ ಚಿಪ್ಪು ಇದು. ಬಸವನಹುಳು ತನ್ನ ಚಿಪ್ಪನ್ನು ಹೊರಗೆ ಹೊತ್ತರೆ, ಸೆಪಿಯಾ ಒಳಗೆ ಅಡಗಿಸಿಕೊಂಡಿದೆ. ಚಿಪ್ಪಿನೊಳಗೆ ತೆಳ್ಳಗಿನ ಅಸಂಖ್ಯ ಕೋಣೆಗಳಿವೆ. ಈ ಕೋಣೆಗಳೊಳಗಿನ ದ್ರವವನ್ನು ಹೆಚ್ಚುಕಡಿಮೆ ಮಾಡುತ್ತ ಆ ಜೀವಿ ನೀರಿನಲ್ಲಿ ತನ್ನ ತೇಲುವಿಕೆಯನ್ನು ಹದಗೊಳಿಸಿಕೊಳ್ಳುತ್ತದೆಂದು ಇಂಗ್ಲೆಂಡಿನ ಡೆಂಟನ್ ಮತ್ತು ಗಿಲ್ಪಿನ್-ಬ್ರೌನ್ ಎಂಬ ವಿಜ್ಞಾನಿಗಳು ೧೯೬೧ರಲ್ಲಿ ವಿವರಿಸಿದರು. ಸೆಪಿಯಾ ಸತ್ತು ಮಾಂಸವು ಕರಗಿಹೋದ ಮೇಲೆ ಚಿಪ್ಪು ತೇಲಿ ದಡಕ್ಕೆ ಬರುತ್ತದೆ.

ಅದರ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟು. ಎಂದರೆ ಸುಣ್ಣಕಲ್ಲು, ಮರುವಾಯಿಯ ಚಿಪ್ಪು, ಕೋಳಿಮೊಟ್ಟೆಯ ಓಡು ಇವುಗಳಲ್ಲಿರುವ ವಸ್ತುವೇ. ಅದರ ಮೇಲೆ ನಾಲ್ಕು ಹನಿ ನಿಂಬೆರಸ ಹಾಕಿ ನೋಡಿರಿ. ಇಂಗಾಲಾಮ್ಲ ವಾಯು ಗುಳ್ಳೆಗುಳ್ಳೆಯಾಗಿ ಹೊರಬರುವುದು ಕಾಣುತ್ತದೆ.

ಹಕ್ಕಿಗೆ ಕ್ಯಾಲ್ಸಿಯಂ ಏಕೆ ಬೇಕು? ಮೂಳೆಗೆ ಬೇಕು, ಸ್ನಾಯುಗಳ ಚಲನೆಗೆ ಬೇಕು, ನರಗಳ ಕೆಲಸಕ್ಕೆ ಬೇಕು. ಆದರೆ ಎಲ್ಲಕ್ಕಿಂತ ದೊಡ್ಡ ಖರ್ಚು ಮೊಟ್ಟೆಯ ಓಡಿನದು. ಒಂದು ಕೋಳಿಮೊಟ್ಟೆಯ ಓಡಿನಲ್ಲಿ ಸುಮಾರು ೨ ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಇದು ಕೋಳಿಯ ಮೈಯಲ್ಲಿರುವ ಒಟ್ಟು ಕ್ಯಾಲ್ಸಿಯಂನ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು! ಓಡು ಕಟ್ಟುವ ಕೆಲಸ ಬಹುಮಟ್ಟಿಗೆ ರಾತ್ರಿ, ಹಕ್ಕಿಯು ಏನನ್ನೂ ತಿನ್ನದಿರುವಾಗ, ನಡೆಯುತ್ತದೆ. ಹಾಗಾದರೆ ಸುಣ್ಣ ಎಲ್ಲಿಂದ ಬರಬೇಕು? ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣುಹಕ್ಕಿಯ ಕಾಲುಮೂಳೆಗಳ ಪೊಳ್ಳಿನಲ್ಲಿ ವಿಶೇಷವಾದ ಒಳಮೂಳೆ ಬೆಳೆಯುತ್ತದೆ. ಪಾರಿವಾಳಗಳಲ್ಲಿ ಇದನ್ನು ಕೈಸ್ ಮತ್ತು ಪಾಟರ್ ಎಂಬವರು ೧೯೩೪ರಲ್ಲಿ ವರ್ಣಿಸಿದರು. ಇದೊಂದು ಕಣಜ, ಹಗಲು ತುಂಬಿಕೊಂಡು ರಾತ್ರಿ ಬರಿದಾಗುತ್ತದೆ. ತುಂಬುವುದಕ್ಕೆ ಆಹಾರದಲ್ಲಿ ಸುಣ್ಣವಿಲ್ಲದಿದ್ದರೆ ಹಕ್ಕಿ ತನ್ನ ಮೂಳೆಯನ್ನೇ ಕರಗಿಸಿಕೊಳ್ಳಬೇಕಾಗುತ್ತದೆ.

ಕಾಡಿನ ಹಕ್ಕಿಗಳಿಗೂ ಈ ಕೊರತೆ ತಟ್ಟಿದ ನಿದರ್ಶನವಿದೆ. ನೆದರ್ಲೆಂಡಿನ ಕಾಡುಗಳಲ್ಲಿ ಆಮ್ಲಮಳೆಯ ದೆಸೆಯಿಂದ ಮಣ್ಣಿನ ಸುಣ್ಣ ತೊಳೆದುಹೋಗಿ ಬಸವನಹುಳುಗಳು ಕಡಮೆಯಾದುವು. ಅವುಗಳ ಚಿಪ್ಪನ್ನು ತಿನ್ನುತ್ತಿದ್ದ ಚೇಕಡಿಹಕ್ಕಿಗಳು ತೆಳ್ಳೋಡಿನ ಮೊಟ್ಟೆಗಳನ್ನಿಟ್ಟುವು. ಹಲವು ಹಕ್ಕಿಗಳು ಬರಿಯ ಗೂಡಿನಲ್ಲಿ ಕಾವು ಕೂತುವು. ಚಿಪ್ಪಿನ ಚೂರುಗಳನ್ನೂ ಕೋಳಿಮೊಟ್ಟೆಯ ಓಡನ್ನೂ ಒದಗಿಸಿದಾಗ ಮೊಟ್ಟೆಗಳು ಸುಧಾರಿಸಿದುವು. ಗ್ರಾವೆಲಾಂಡ್ ಮತ್ತು ಅವರ ಸಂಗಡಿಗರು ಇದನ್ನು ೧೯೯೪ರಲ್ಲಿ ಪ್ರಕಟಿಸಿದರು. ಆದರೂ ಕಾಡಿನ ಹಕ್ಕಿಗೆ ಹುಡುಕಿಕೊಂಡು ಹಾರಿಹೋಗುವ ಸ್ವಾತಂತ್ರ್ಯವಿದೆ. ಪಂಜರದ ಹಕ್ಕಿಗೆ ನಾವು ಕೊಟ್ಟದ್ದೇ ಪ್ರಪಂಚ.

ನಾವು ಕೊಡುವುದೇನು? ನಮ್ಮಲ್ಲಿ ‘ಲವ್ ಬರ್ಡ್ಸ್’ ಎಂದು ತಪ್ಪಾಗಿ ಕರೆಯಲ್ಪಡುವ ಆಸ್ಟ್ರೇಲಿಯದ ಬಜರಿಗರ್ ಗಿಳಿಗಳಿಗೆ ಬಹು ಮನೆಗಳಲ್ಲಿ ನವಣೆಯೇ ಊಟ. ೧೦೦ ಗ್ರಾಂ ನವಣೆಯಲ್ಲಿ ಸುಮಾರು ೩೦ ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ರಂಜಕ ೨೯೦ ಮಿಲಿಗ್ರಾಮಿನಷ್ಟಿದೆ. ರಂಜಕವು ಹೀಗೆ ಮೀರಿದಾಗ ಇರುವ ಅಲ್ಪ ಸುಣ್ಣವೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಮ್ಮ ರಾಗಿಯಲ್ಲಿ ೧೦೦ ಗ್ರಾಮಿಗೆ ಸುಮಾರು ೩೪೦ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಇದು ಅಪರೂಪ. ನುಗ್ಗೆಸೊಪ್ಪಿನಲ್ಲಿ ಇನ್ನೂ ಹೆಚ್ಚು. ಸಮುದ್ರಫೇನವಾದರೋ ಒಂದೇ ಒಂದು ಗ್ರಾಂ, ಒಂದು ಕಿಲೋಗ್ರಾಂ ನವಣೆಯಲ್ಲಿರುವಷ್ಟು ಕ್ಯಾಲ್ಸಿಯಂ ಕೊಡಬಲ್ಲದು.

ಬಜರಿಗರ್ ಹೆಣ್ಣು ದಿನ ಬಿಟ್ಟು ದಿನದಂತೆ ಸಾಮಾನ್ಯವಾಗಿ ೪ರಿಂದ ೬ ಮೊಟ್ಟೆಗಳನ್ನಿಡುತ್ತದೆ. ಸುಣ್ಣ ಸಾಲದಿದ್ದರೆ ಓಡು ಮೆತ್ತಗಾಗುವುದಷ್ಟೇ ಅಲ್ಲ, ಮೊಟ್ಟೆಯನ್ನು ಹೊರನೂಕಬೇಕಾದ ಸ್ನಾಯುಗಳೂ ಸೋಲುತ್ತವೆ. ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಹೆಣ್ಣುಹಕ್ಕಿ ಗರಿ ಕೆದರಿಕೊಂಡು ಪಂಜರದ ತಳದಲ್ಲಿ ಕುಳಿತು ತಿಣುಕುತ್ತಿದ್ದರೆ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ತಡವಾದರೆ ಹಕ್ಕಿ ಬದುಕುವುದು ಕಷ್ಟ.

ಹಾಗಾದರೆ ಸುಣ್ಣವನ್ನು ಧಾರಾಳವಾಗಿ ತಿನ್ನಿಸಿಬಿಟ್ಟರಾಯಿತೆಂದು ತಿಳಿಯುವುದು ಸರಿಯಲ್ಲ. ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು.

ಮೊದಲನೆಯದು ಬಿಸಿಲು. ಕರುಳಿನಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರಬೇಕಾದರೆ ‘ಡಿ’ ಜೀವಸತ್ವ ಬೇಕು. ಸಮುದ್ರಫೇನದಲ್ಲಿ ಅದು ಇಲ್ಲ, ಕಾಳಿನಲ್ಲಿಯೂ ಇಲ್ಲ. ಬಿಸಿಲಿನ ಅತಿನೇರಿಳೆ ಕಿರಣಗಳು ಚರ್ಮದ ಮೇಲೆ ಬಿದ್ದಾಗ ಹಕ್ಕಿ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೇಕಾದ ಆ ಕಿರಣಗಳನ್ನು ಕಿಟಕಿಯ ಗಾಜು ತಡೆಯುತ್ತದೆ. ಉಳ್ಳಾಲದಂಥ ಊರಿನಲ್ಲಿ ಜೂನ್ ತಿಂಗಳಿನಿಂದ ಮಳೆ ಹಿಡಿದರೆ ಪಂಜರ ಜಗಲಿಯಿಂದ ಒಳಕೋಣೆಗೆ ಸೇರುತ್ತದೆ. ವಾರಗಟ್ಟಲೆ ಹಕ್ಕಿ ಬಿಸಿಲು ಕಾಣುವುದಿಲ್ಲ. ಆಗ ಕಣ್ಣೆದುರಿಗೆ ಸಮುದ್ರಫೇನ ತೂಗುತ್ತಿದ್ದರೂ ಅದರ ಪ್ರಯೋಜನ ಅರ್ಧಕ್ಕೇ ನಿಲ್ಲಬಹುದು. ಆದ್ದರಿಂದ ಹೊಳವಾದಾಗಲೆಲ್ಲ, ಎಳೆಬಿಸಿಲಿನಲ್ಲಿ, ಪಂಜರದ ಒಂದು ಭಾಗಕ್ಕೆ ನೆರಳಿರುವಂತೆ ಹೊರಗಿಡುವುದು ಒಳ್ಳೆಯದು.

ಎರಡನೆಯದು ಅತಿಯಾದುದರ ಕೇಡು. ಮೊಟ್ಟೆಯಿಡುವ ಕೋಳಿಯ ಆಹಾರದಲ್ಲಿ ನೂರಕ್ಕೆ ಸುಮಾರು ೩.೫ರಿಂದ ೪ ಪಾಲು ಕ್ಯಾಲ್ಸಿಯಂ ಇರುತ್ತದೆ. ಮರಿಗಳಿಗೆ ೧ ಪಾಲು ಸಾಕು. ದೊಡ್ಡ ಕೋಳಿಯ ಆಹಾರವನ್ನು ಮರಿಗಳಿಗೆ ಹಾಕಿದರೆ ಮೂತ್ರಪಿಂಡಗಳು ಕೆಟ್ಟು, ಯೂರಿಕ್ ಆಮ್ಲ ಹೃದಯ ಮತ್ತು ಯಕೃತ್ತಿನ ಮೇಲೆ ಬಿಳಿಯ ಪುಡಿಯಂತೆ ಕೂಡುತ್ತದೆ. ಮೊಟ್ಟೆಯಿಡದ ಹೆಣ್ಣಿಗೂ ಗಂಡುಹಕ್ಕಿಗೂ ಬೇಕಾದ ಸುಣ್ಣ ಸ್ವಲ್ಪವೇ. ಔಷಧದ ಅಂಗಡಿಯ ಕ್ಯಾಲ್ಸಿಯಂ ಮತ್ತು ‘ಡಿ’ ಜೀವಸತ್ವಗಳ ಮಿಶ್ರಣವನ್ನು ಕುಡಿಯುವ ನೀರಿಗೆ ಬೆರೆಸಿದರೆ ಹಕ್ಕಿಗೆ ಆಯ್ಕೆಯೇ ಉಳಿಯುವುದಿಲ್ಲ; ಬಾಯಾರಿದಾಗಲೆಲ್ಲ ಅದನ್ನು ಕುಡಿಯಲೇಬೇಕು. ಅಂಥ ಔಷಧ ಪಶುವೈದ್ಯರ ಸಲಹೆಯಂತೆ ಮಾತ್ರ ಇರಲಿ.

ಸಮುದ್ರಫೇನದ ನಿಜವಾದ ಗುಣ ಇಲ್ಲಿಯೇ ಇದೆ. ಬೇಕಾದ ಹಕ್ಕಿ ಕೆರೆದು ತಿನ್ನುತ್ತದೆ, ಬೇಡದ ಹಕ್ಕಿ ಬಿಡುತ್ತದೆ. ಸುಣ್ಣದ ಕೊರತೆಯಿರುವ ಕೋಳಿ ಸುಣ್ಣವನ್ನು ತಾನಾಗಿ ಅರಸಿ ತಿನ್ನುವುದನ್ನು ಹ್ಯೂಸ್ ಮತ್ತು ವುಡ್-ಗಷ್ ೧೯೭೧ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಎಲ್ಲ ಹಕ್ಕಿಗಳೂ ಇಷ್ಟು ಜಾಣತನ ತೋರುವುವೆಂದು ಹೇಳಲಾಗದು. ಕೆಲವು ಅದನ್ನು ಬರಿಯ ಆಟಕ್ಕೆ ಪುಡಿಮಾಡುತ್ತವೆ, ಕೆಲವು ಮುಟ್ಟುವುದೇ ಇಲ್ಲ. ಅಂಥವಕ್ಕೆ ಕುದಿಸಿ ಒಣಗಿಸಿ ಪುಡಿಮಾಡಿದ ಮೊಟ್ಟೆಯ ಓಡನ್ನು ಬೇರೆ ಬಟ್ಟಲಿನಲ್ಲಿಡಬಹುದು, ನುಗ್ಗೆಸೊಪ್ಪನ್ನೂ ಕೊಡಬಹುದು.

ದಡದಲ್ಲಿ ಆಯ್ದ ತುಂಡನ್ನು ಹಾಗೆಯೇ ಕಟ್ಟಬಾರದು. ಎಣ್ಣೆಯ ಕಲೆಯಿರುವುದನ್ನು ಬಿಟ್ಟು, ಚೊಕ್ಕಟವಾದುದನ್ನು ಕೆಲವು ದಿನ ಸಿಹಿನೀರಿನಲ್ಲಿ ನೆನೆಯಿಟ್ಟು, ದಿನವೂ ನೀರು ಬದಲಿಸಿ ಉಪ್ಪು ಕಳೆಯಬೇಕು. ಬಳಿಕ ಕುದಿಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮೃದುವಾದ ಮೈ ಹಕ್ಕಿಯ ಕಡೆಗಿರುವಂತೆ ಕಟ್ಟಬೇಕು.

ಮನೆಯಲ್ಲಿ ಹಕ್ಕಿಯಿರುವ ವಿದ್ಯಾರ್ಥಿಗಳು ಒಂದು ಸುಲಭವಾದ ಪರೀಕ್ಷೆ ನಡೆಸಬಹುದು. ಕಟ್ಟುವ ಮೊದಲು ಸಮುದ್ರಫೇನವನ್ನು ತೂಗಿರಿ. ಪ್ರತಿ ಭಾನುವಾರ ಬಿಚ್ಚಿ ಮತ್ತೆ ತೂಗಿ, ಎಷ್ಟು ಸವೆಯಿತೆಂಬುದನ್ನೂ ಆ ವಾರದಲ್ಲಿ ಮೊಟ್ಟೆಗಳೆಷ್ಟೆಂಬುದನ್ನೂ ಪುಸ್ತಕದಲ್ಲಿ ಬರೆದಿಡಿರಿ. ಪಂಜರದ ತಳದಲ್ಲಿ ಉದುರಿದ ಪುಡಿಯನ್ನು ಲೆಕ್ಕದಿಂದ ಕಳೆಯುವುದನ್ನು ಮರೆಯಬೇಡಿ. ನಿಮ್ಮ ಹಕ್ಕಿಗೆ ಕಡಲಿನ ಸುಣ್ಣ ಬೇಕೇ, ಬೇಡವೇ ಎಂಬುದಕ್ಕೆ ಕೆಲವು ತಿಂಗಳಲ್ಲಿ ಆ ಪುಸ್ತಕವೇ ಉತ್ತರ ಹೇಳತೊಡಗುತ್ತದೆ.