ಅಗ್ಗಿಷ್ಟಿಕೆಯೂ ಅದರ ಹೊಗೆಯ ಹಾದಿಯೂ

ಹೊಗೆಯಿದ್ದಲ್ಲಿ ಬೆಂಕಿಯಿರುವದೆಂಬ ಅನುಮಾನವನ್ನು ನಮ್ಮ ತಾರ್ಕಿಕರು ಶಾಸ್ತ್ರದ ಮೊದಲ ಪಾಠವಾಗಿ ಹೇಳಿಕೊಡುತ್ತ ಬಂದಿದ್ದಾರೆ. ಅದರ ಜೊತೆಗೇ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವದೆಂದು ಅದನ್ನು ತಿರುಗಿಸಿ ಹೇಳಲಾಗದೆಂದೂ ಎಚ್ಚರಿಸಿ, ಕಾದು ಕೆಂಪಾದ ಕಬ್ಬಿಣದ ಗುಂಡನ್ನು ಅದಕ್ಕೆ ಉದಾಹರಣೆಯಾಗಿ ಕೊಡುವರು. ಗೃಹಸ್ಥರಾದ ನಮಗೆ ಈ ಎರಡನೆಯ ಮಾತು ಮೊದಲನೆಯದಕ್ಕಿಂತಲೂ ಹೆಚ್ಚು ಉಪಯೋಗದ್ದು. ಏಕೆಂದರೆ ಹೊಗೆ ಕಾಣದ ಬೆಂಕಿಯೇ ಈಗ ಮನೆಮನೆಯನ್ನೂ ಹೊಕ್ಕಿದೆ. ಅಡಿಗೆಮನೆಯಲ್ಲಿ ಗ್ಯಾಸಿನ ಒಲೆಯಾಗಿ, ಸ್ನಾನದ ಕೋಣೆಯಲ್ಲಿ ನೀರು ಕಾಯಿಸುವ ಯಂತ್ರವಾಗಿ, ಚಳಿಯ ದೇಶಗಳಲ್ಲಿ ನೆಲೆಸಿದ ನಮ್ಮ ಮಕ್ಕಳ ಮನೆಯ ನಡುಕೋಣೆಯಲ್ಲಿ ಗ್ಯಾಸಿನ ಅಗ್ಗಿಷ್ಟಿಕೆಯಾಗಿ ಅದು ಉರಿಯುತ್ತಿದೆ. ಈ ಕೊನೆಯದನ್ನು ಆರಿಸುವದೂ ಕೂಡಿಸುವದೂ ಹೇಗೆಂಬುದೇ ಈ ಲೇಖನದ ವಿಷಯವು.

ಮಲಪ್ರಭೆಯ ದಂಡೆಯ ಹೊಳೆಆಲೂರಿನವರಿಗೆ ಈ ವಿಚಾರವು ಯಾಕೆ ಬೇಕೆಂದು ವಾಚಕರು ಕೇಳಬಹುದು. ರೋಣ, ನರಗುಂದ, ಗಜೇಂದ್ರಗಡಗಳ ಈ ಸೀಮೆಯಲ್ಲಿ ಬಿಸಿಲಿಗೆ ಅಂಜಿದಷ್ಟು ಜನರು ಚಳಿಗೆ ಅಂಜುವದಿಲ್ಲ. ಪುಷ್ಯಮಾಸದ ರಾತ್ರಿಯಲ್ಲಿಯೂ ಉಷ್ಣಮಾನವು ಸಾಮಾನ್ಯವಾಗಿ 15 ಡಿಗ್ರಿಯ ಆಚೆ ಈಚೆ ನಿಲ್ಲುವದು. ದಪ್ಪ ಗೋಡೆಯೂ ಮಣ್ಣಿನ ಮೇಲ್ಮುದ್ದೆಯೂ ಉಳ್ಳ ಹಳೆಯ ಮನೆಗಳು ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿಗೆ ಕೊಡುವವು. ಮೇಲಾಗಿ ಹೊದೆಯಲು ಕೌದಿಯುಂಟು, ಕಂಬಳಿಯುಂಟು. ಅಡಿಗೆಮನೆಯ ಮಾಳಿಗೆಯಲ್ಲಿ ತೆರೆದ ಬೆಳಕಿಂಡಿಯು ಹೆಸರಿಗೆ ಬೆಳಕಿನ ಕಿಂಡಿಯಾದರೂ, ಒಲೆಯ ಹೊಗೆ ಹೊರಗೆ ಹೋಗುವ ಹಾದಿಯೂ ಅದೇ ಆಗಿರುವದು. ಇಡಿಯ ಮನೆಯನ್ನೇ ಕಾಯಿಸಬೇಕೆಂಬ ಅವಶ್ಯಕತೆಯು ನಮ್ಮ ಹಿರಿಯರಿಗೆ ಬರಲಿಲ್ಲ.

ಆದರೆ ಒಂದು ಕೋಣೆ ಮಾತ್ರ ಇದಕ್ಕೆ ಹೊರತಾದದ್ದು. ಅದು ಬಾಣಂತಿಯ ಕೋಣೆ. ಗಾಳಿ ತಾಗಬಾರದೆಂದು ಅದರ ಕಿಟಕಿಯನ್ನು ಮುಚ್ಚುವರು. ಬಾಗಿಲಿಗೆ ಪರದೆ ಕಟ್ಟುವರು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆಯನ್ನಿಡುವರು. ಹೊಗೆಯು ಕೂಸಿನ ಕಣ್ಣಿಗೆ ತಾಗದಿರಲೆಂದು ಇದ್ದಿಲನ್ನು ಹೊರಗೆ ಹೊತ್ತಿಸಿ, ಅದು ನಿಗಿನಿಗಿ ಕೆಂಡವಾದ ಮೇಲೆ ಒಳಗೆ ತರುವದು ಜಾಣತನವೆಂದು ತಿಳಿದಿರುವರು. ಈ ಜಾಣತನವು ಅರ್ಧದ್ದು ಮಾತ್ರ. ಕಣ್ಣುರಿಸುವ ಹೊಗೆ ಹೋಯಿತು ನಿಜ; ಆದರೆ ಜ್ವಾಲೆಯಿಲ್ಲದೆ ಉರಿಯುವ ಕೆಂಡದಿಂದಲೇ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವು ಹೇರಳವಾಗಿ ಹೊರಡುವದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಎಂಬ ದ್ರವ್ಯವು ಪ್ರಾಣವಾಯುವಿಗಿಂತ ಇದನ್ನು 200 ಪಾಲಿಗೂ ಮಿಕ್ಕಿ ಬಲವಾಗಿ ಹಿಡಿದುಕೊಳ್ಳುವದು. ಮೊದಲು ತಲೆಶೂಲೆ, ಬಳಿಕ ತಲೆತಿರುಗು, ಓಕರಿಕೆ, ಮಂಪರು. ಮಲಗಿದವರು ಮಲಗಿದಲ್ಲಿಯೇ ತೀರಿಹೋಗುವರು. ಗರ್ಭಿಣಿಯರಿಗೂ ಎಳೆಗೂಸುಗಳಿಗೂ ಇದರ ಬಾಧೆಯು ಉಳಿದವರಿಗಿಂತ ಹೆಚ್ಚು.

ಈಗ ಆ ಬಾಣಂತಿಯ ಕೋಣೆಯೇ ಸಮುದ್ರವನ್ನು ದಾಟಿದೆ. ಮಗಳೋ ಸೊಸೆಯೋ ಟೊರಾಂಟೊದಲ್ಲಿ, ಶಿಕಾಗೋದಲ್ಲಿ ಸಂಸಾರ ಹೂಡಿರುವಾಗ, ಬಾಣಂತನಕ್ಕೆಂದು ತಾಯಂದಿರು ಅಂಟಿನುಂಡೆ, ಕುಂಚಿಗೆಗಳ ಗಂಟು ಕಟ್ಟಿಕೊಂಡು ವಿಮಾನವೇರುವದು ಈಗ ಹೊಸ ಸಂಗತಿಯಲ್ಲ. ಅಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಕ್ಕೂ ಇಳಿಯುವದು. ಗಾಜಿನ ಹಿಂದೆ ಕಟ್ಟಿಗೆಯ ಕೊರಡುಗಳಂತೆ ತೋರುವ ಆಕಾರಗಳ ನಡುವೆ ಹಳದಿಯ ಜ್ವಾಲೆ ಆಡುತ್ತಿರುವ ಅಗ್ಗಿಷ್ಟಿಕೆಯ ಮುಂದೆ ಕೂಸನ್ನು ಮಲಗಿಸಿಕೊಂಡು ಕೂಡ್ರಬೇಕೆಂದು ಯಾವ ತಾಯಿಗೆ ಅನಿಸಲಾರದು? ಆದುದರಿಂದ ಅದನ್ನು ಕೊಳ್ಳುವ ಮಕ್ಕಳೂ ಅದರ ಎದುರು ಕೂಡ್ರುವ ಹಿರಿಯರೂ ಅದರ ಗುಣದೋಷಗಳನ್ನು ಅರಿತಿರುವದು ಹಿತಕರ.

ಅಗ್ಗಿಷ್ಟಿಕೆಯ ಮೂರು ಬಗೆಗಳು

ಗ್ಯಾಸಿನ ಅಗ್ಗಿಷ್ಟಿಕೆಗಳನ್ನು ಅವುಗಳ ಸೊಬಗಿನ ಮೇಲಿಂದ ಅಲ್ಲ, ಅವು ಗಾಳಿಯನ್ನು ಎಲ್ಲಿಂದ ತಕ್ಕೊಳ್ಳುವವು, ಹೊಗೆಯನ್ನು ಎಲ್ಲಿಗೆ ಬಿಡುವವು ಎಂಬುದರ ಮೇಲಿಂದ ವಿಂಗಡಿಸಬೇಕು.

ಮೊದಲನೆಯದು ಡೈರೆಕ್ಟ್ ವೆಂಟ್ ಎಂಬ ಬಗೆ. ಇದರ ಮುಂಭಾಗವು ಗಾಜಿನಿಂದ ಭದ್ರವಾಗಿ ಮುಚ್ಚಿರುವದು. ಒಂದರೊಳಗೊಂದು ಕೂಡಿಸಿದ ಎರಡು ಕೊಳವೆಗಳು ಗೋಡೆಯನ್ನು ತೂರಿ ಹೊರಗೆ ಹೋಗಿರುವವು. ಹೊರಗಿನ ಕೊಳವೆಯು ಬಯಲಿನ ಗಾಳಿಯನ್ನು ಒಳಗೆ ತರುವದು. ಒಳಗಿನದು ಸುಟ್ಟ ಗಾಳಿಯನ್ನು ಹೊರಗೆ ನೂಕುವದು. ಕೋಣೆಯ ಗಾಳಿಗೂ ಬೆಂಕಿಗೂ ಸಂಬಂಧವೇ ಇಲ್ಲ. ಕಾವು ಮಾತ್ರ ಗಾಜಿನ ಮೂಲಕ ನಮ್ಮ ಕಡೆಗೆ ಬರುವದು. ಕಿಟಕಿ ಬಾಗಿಲುಗಳನ್ನು ಬಿಗಿಯಾಗಿ ಮುಚ್ಚುವ ಚಳಿದೇಶದ ಮನೆಗೆ ಇದೇ ತಕ್ಕದ್ದು.

ಎರಡನೆಯದು ಕೋಣೆಯ ಗಾಳಿಯನ್ನೇ ಉಂಡು, ಹೊಗೆಯನ್ನು ಚಿಮಣಿಯ ಮೂಲಕ ಮೇಲಕ್ಕೆ ಕಳಿಸುವದು. ಕಟ್ಟಿಗೆ ಉರಿಸುತ್ತಿದ್ದ ಹಳೆಯ ಅಗ್ಗಿಷ್ಟಿಕೆಯಲ್ಲಿ ಗ್ಯಾಸಿನ ಕೊರಡುಗಳನ್ನು ಇಟ್ಟುಕೊಳ್ಳುವದೂ ಈ ಜಾತಿಯದೇ. ಇದರಲ್ಲಿ ಕೋಣೆಯ ಬೆಚ್ಚಗಿನ ಗಾಳಿಯು ಚಿಮಣಿಯಲ್ಲಿ ಏರಿ ಹೋಗುವದರಿಂದ ಕಾವಿಗಿಂತ ನಷ್ಟವೇ ಹೆಚ್ಚು. ಅಡಿಗೆಮನೆಯ ಗಾಳಿ ಹೊರಹಾಕುವ ಪಂಖವು ಜೋರಾಗಿ ತಿರುಗಿದರೆ ಚಿಮಣಿಯ ಹೊಗೆ ಹಿಂದಿರುಗಿ ಕೋಣೆಗೆ ಬರುವ ಅಪಾಯವೂ ಉಂಟು. ಹಳೆಯ ಚಿಮಣಿಯಿದ್ದವರು, ಗಾಳಿಗೊಂದು ಹೊಗೆಗೊಂದು ಕೊಳವೆಯನ್ನು ಅದರೊಳಗೆ ಇಳಿಸಿ ಕೂಡಿಸುವ, ಗಾಜು ಮುಚ್ಚಿದ ಗ್ಯಾಸ್ ಇನ್ಸರ್ಟನ್ನು ಆರಿಸುವದು ಮೇಲು.

ಮೂರನೆಯದು ಕೊಳವೆಯೇ ಇಲ್ಲದ್ದು. ಎಲ್ಲಿ ಬೇಕಾದರೂ ಕೂಡಿಸಬಹುದು, ಬೆಲೆ ಕಡಿಮೆ, ಒಂದಿಷ್ಟೂ ಕಾವು ಹೊರಗೆ ಹೋಗದು ಎಂದು ವ್ಯಾಪಾರಿಗಳು ಇದನ್ನು ಹೊಗಳುವರು. ಕಾವು ಹೊರಗೆ ಹೋಗದಿದ್ದರೆ ಸುಟ್ಟ ಗಾಳಿಯೂ ಹೋಗದೆಂಬುದನ್ನು ಅವರು ಹೇಳರು. ಕೋಣೆಯಲ್ಲಿ ನೀರಿನ ಆವಿ ತುಂಬಿ ಗೋಡೆಗೆ ಬೂಷ್ಟು ಹತ್ತುವದು ಇದರ ಸಣ್ಣ ದೋಷ. ಗಾಳಿಯಲ್ಲಿ 21 ಪಾಲಿರಬೇಕಾದ ಪ್ರಾಣವಾಯುವು 18 ರ ಸುಮಾರಿಗೆ ಇಳಿದೊಡನೆ ಗ್ಯಾಸನ್ನು ತಡೆಯುವ ಸಾಧನವು ಇದರಲ್ಲಿರುವದು. ಆದರೆ ಆ ಸಾಧನವು ವಿಷವಾಯುವನ್ನು ಅಳೆಯುವದಿಲ್ಲ. ಕೆನಡಾ ದೇಶದಲ್ಲಿಯೂ ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿಯೂ ಮನೆಗಳಲ್ಲಿ ಇದಕ್ಕೆ ಅನುಮತಿಯಿಲ್ಲ. ಅನುಮತಿಯಿದ್ದ ಸ್ಥಳದಲ್ಲಿಯೂ ಕೂಸು ಮಲಗುವ ಮನೆಗೆ ಇದನ್ನು ತರಬಾರದು. ವಿಚಾರ ಮಾಡಿದರೆ, ಹೊರಸಿನ ಕೆಳಗಿನ ಕೆಂಡದ ಅಗ್ಗಿಷ್ಟಿಕೆಯ ದೋಷವೇ ಇದರದೂ ಆಗಿರುವದು.

ಆರಿಸುವಾಗ ನೋಡಬೇಕಾದದ್ದು

ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಇದು ಕಾಯಿಸಲಿಕ್ಕೆ ಮಾಡಿದ್ದೋ ನೋಡಲಿಕ್ಕೆ ಮಾಡಿದ್ದೋ ಎಂಬುದು. ಎರಡೂ ಬಗೆಯವು ಮಾರಾಟಕ್ಕಿರುವವು. ಕೆನಡಾದಲ್ಲಿ ಎನರ್‌ಗೈಡ್ ಎಂಬ ಗುರುತಿನೊಡನೆ, ಉರಿಸಿದ ಗ್ಯಾಸಿನ ನೂರು ಪಾಲಿನಲ್ಲಿ ಎಷ್ಟು ಪಾಲು ಕಾವಾಗಿ ಮನೆಗೆ ದೊರೆಯುವದೆಂಬ ಅಂಕಿಯನ್ನು ಬರೆದಿರುವರು. ಅದನ್ನು ಓದಿ ಕೊಳ್ಳಬೇಕು.

ಎರಡನೆಯದಾಗಿ, ಅದರ ಬಲವು ಕೋಣೆಗೆ ತಕ್ಕಷ್ಟಿರಬೇಕು. ಅಲ್ಲಿ ಕಾವನ್ನು ಬಿ.ಟಿ.ಯು. ಎಂಬ ಮಾನದಿಂದ ಎಣಿಸುವರು. ತಾಸಿಗೆ 30,000 ಬಿ.ಟಿ.ಯು. ಎಂದರೆ ಸುಮಾರು 8.8 ಕಿಲೋವಾಟ್, ನಮ್ಮಲ್ಲಿಯ 2 ಕಿಲೋವಾಟಿನ ವಿದ್ಯುತ್ ಹೀಟರುಗಳು ನಾಲ್ಕು ಕೂಡಿದರೂ ಅದಕ್ಕೆ ಸರಿಯಾಗವು. ಹೊಳೆಆಲೂರಿನ ಮನೆಯಲ್ಲಿ ಅಡಿಗೆಗೆ ವಾರಗಟ್ಟಲೆ ಬಾಳುವ 14.2 ಕಿಲೋಗ್ರಾಮಿನ ಸಿಲಿಂಡರನ್ನು ಇಂಥ ಒಂದು ಅಗ್ಗಿಷ್ಟಿಕೆಗೆ ಹಚ್ಚಿದರೆ ಇಪ್ಪತ್ತು ಇಪ್ಪತ್ತೆರಡು ತಾಸುಗಳಲ್ಲಿ ತೀರಿಹೋಗುವದು! ಬಲ ಹೆಚ್ಚಾದರೆ ಸಣ್ಣ ಕೋಣೆಯು ಬೇಯತೊಡಗಿ, ಅದನ್ನು ಪದೇ ಪದೇ ಆರಿಸಬೇಕಾಗುವದು. ಗ್ಯಾಸಿನ ಖರ್ಚು ಮಾತ್ರ ಏರುವದು.

ಮೂರನೆಯದಾಗಿ, ಹಿಮದ ಬಿರುಗಾಳಿಗೆ ವಿದ್ಯುತ್ತು ನಿಂತ ರಾತ್ರಿಯಲ್ಲಿ ಅದು ಹೊತ್ತುವದೇ ಎಂದು ಕೇಳಬೇಕು. ಸದಾ ಉರಿಯುವ ಪೈಲಟ್ ಎಂಬ ಕಿರುಜ್ವಾಲೆಯುಳ್ಳದ್ದು ವಿದ್ಯುತ್ತಿಲ್ಲದೆ ನಡೆಯುವದು. ಆದರೆ ಆ ಜ್ವಾಲೆಯು ಹಗಲಿರುಳೂ ತುಸು ಗ್ಯಾಸನ್ನು ತಿನ್ನುವದು. ಬೇಕಾದಾಗ ಮಾತ್ರ ಕಿಡಿಯಿಂದ ಹೊತ್ತುವದರಲ್ಲಿ ಉಳಿತಾಯವುಂಟು. ಅದಕ್ಕೆ ಬ್ಯಾಟರಿಯ ಆಸರೆಯಿದೆಯೋ ಇಲ್ಲವೋ ನೋಡಿಕೊಳ್ಳಬೇಕು.

ಕೂಡಿಸುವಾಗ ವಹಿಸಬೇಕಾದ ಕಾಳಜಿ

ಕೆನಡಾದ ಆಂಟೇರಿಯೋ ಪ್ರಾಂತದ ವುಡ್‌ಸ್ಟಾಕ್ ಪಟ್ಟಣದಲ್ಲಿ 2008 ರ ಕೊನೆಗೆ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳುವದು ಅವಶ್ಯ. ಪೋಲೀಸ್ ಇಲಾಖೆಯಲ್ಲಿದ್ದ ಒಬ್ಬ ಗೃಹಿಣಿ, ಆಕೆಯ ಪತಿ, ಇಬ್ಬರು ಮಕ್ಕಳು, ಹೀಗೆ ಇಡಿಯ ಕುಟುಂಬವೇ ಕಾರ್ಬನ್ ಮೊನಾಕ್ಸೈಡಿಗೆ ಬಲಿಯಾಯಿತು. ಅವರ ಮನೆಯ ಗ್ಯಾಸ್ ಅಗ್ಗಿಷ್ಟಿಕೆಯ ಹೊಗೆಯ ಹಾದಿಯು ಕಟ್ಟಿಕೊಂಡಿತ್ತು. ವಿಷವಾಯುವನ್ನು ಗುರುತಿಸುವ ಎಚ್ಚರಿಕೆಯ ಗಂಟೆಯು ಮನೆಯಲ್ಲಿರಲಿಲ್ಲ. ಬಂಧುಗಳೂ ಪ್ರಾಂತದ ಶಾಸನಸಭೆಯ ಒಬ್ಬ ಸದಸ್ಯರೂ ವರುಷಗಟ್ಟಲೆ ಶ್ರಮಿಸಿದ ಮೇಲೆ, 2013 ರಲ್ಲಿ ಹಾಕಿನ್ಸ್-ಗಿನ್ಯಾಕ್ ಕಾಯ್ದೆಯು ಅಂಗೀಕೃತವಾಗಿ, ಇಂಧನ ಉರಿಸುವ ಸಾಧನಗಳುಳ್ಳ ಮನೆಗಳಲ್ಲಿ ಆ ಗಂಟೆಯು ಕಡ್ಡಾಯವಾಯಿತು. ಅಗ್ಗಿಷ್ಟಿಕೆಯು ಎಷ್ಟು ಬೆಲೆಯದಾದರೂ ಹಾದಿ ಕಟ್ಟಿದರೆ ಅದು ಕೆಂಡದ ಬುಟ್ಟಿಯೇ ಸರಿ.

ಆದಕಾರಣ ಈ ಕೆಲಸವನ್ನು ಪರವಾನಿಗೆ ಪಡೆದ ಗ್ಯಾಸ್ ಫಿಟರನಿಂದಲೇ ಮಾಡಿಸಬೇಕು. ಊರಿನ ಕಟ್ಟಡ ಇಲಾಖೆಯ ಅನುಮತಿಯನ್ನೂ ತಪಾಸಣೆಯನ್ನೂ ತಪ್ಪಿಸಬಾರದು. ಸಾಧ್ಯವಿದ್ದಷ್ಟು ಹೊರಗೋಡೆಗೆ ಕೂಡಿಸಿದರೆ ಕೊಳವೆ ಗಿಡ್ಡದಾಗುವದು. ಕೊಳವೆಯ ಬಾಯಿ ಕಿಟಕಿ ಬಾಗಿಲುಗಳ ಬಳಿಯಲ್ಲಿ ತೆರೆಯಬಾರದು. ಬೀಳುವ ಹಿಮದ ರಾಶಿಗಿಂತ ಎತ್ತರದಲ್ಲಿರಬೇಕು. ಹಿಮಪಾತವಾದ ಬಳಿಕ ಆ ಬಾಯಿಯನ್ನು ಬಿಡಿಸುವದು ಮನೆಯವರ ನಿತ್ಯದ ಕೆಲಸವಾಗಬೇಕು. ಚಳಿಗಾಲಕ್ಕೆ ಮುಂಚೆ ವರುಷಕ್ಕೊಮ್ಮೆ ಬಲ್ಲವನಿಂದ ಪರೀಕ್ಷೆ ಮಾಡಿಸಬೇಕು. ಹಕ್ಕಿಯ ಗೂಡು, ಒಣಗಿದ ಎಲೆ ಇವುಗಳಿಂದಲೂ ಹಾದಿ ಮುಚ್ಚುವದುಂಟು. ಎಚ್ಚರಿಕೆಯ ಗಂಟೆಯನ್ನು ಪ್ರತಿಯೊಂದು ಅಂತಸ್ತಿನಲ್ಲಿಯೂ ಮಲಗುವ ಕೋಣೆಗಳ ಹತ್ತಿರವೂ ತೂಗಿಸಬೇಕು. ಆ ಗಂಟೆಗೂ ಆಯುಷ್ಯವುಂಟು. ಅದರ ಮೇಲೆ ಬರೆದ ತಾರೀಖು ಮುಗಿದೊಡನೆ ಬದಲಿಸಬೇಕು.

ಹಿರಿಯರು ನೆನಪಿಡಬೇಕಾದ ಮಾತುಗಳು

ಒಂದು: ಗಾಜು. ಉರಿಯುವಾಗ ಅದರ ಕಾವು 200 ಡಿಗ್ರಿಯನ್ನೂ ಮೀರಬಹುದು. ಆರಿಸಿದ ಮೇಲೂ ಬಹಳ ಹೊತ್ತು ಬಿಸಿಯಾಗಿರುವದು. ಅಂಬೆಗಾಲಿಡುವ ಕೂಸು ಜ್ವಾಲೆಯ ಆಟ ನೋಡಿ ಎರಡೂ ಅಂಗೈಗಳನ್ನು ಅದಕ್ಕೆ ಊರಿ ಸುಟ್ಟುಕೊಂಡ ಸಂಗತಿಗಳು ಅಲ್ಲಿಯ ಆಸ್ಪತ್ರೆಗಳಿಗೆ ಹೊಸವಲ್ಲ. ಇದಕ್ಕಾಗಿಯೇ 2015 ರ ಜನವರಿ 1 ರಿಂದ, ಗಾಜು ಇಷ್ಟು ಕಾಯುವ ಹೊಸ ಅಗ್ಗಿಷ್ಟಿಕೆಗಳ ಜೊತೆಗೆ ತಡೆಯ ಜಾಳಿಗೆಯನ್ನು ಕೊಡಬೇಕೆಂಬ ಕಟ್ಟಳೆಯಾಗಿದೆ. ಅಂದಗೆಡುವದೆಂದು ಆ ಜಾಳಿಗೆಯನ್ನು ತೆಗೆದಿಡಬಾರದು. ತೊಟ್ಟಿಲನ್ನು ದೂರವಿಡಬೇಕು, ಒದ್ದೆಯ ಬಟ್ಟೆಗಳನ್ನು ಅದರ ಮುಂದೆ ಹರವಬಾರದು.

ಎರಡು: ಜ್ವಾಲೆಯ ಬಣ್ಣ. ಅಡಿಗೆಯ ಒಲೆಯಲ್ಲಿ ನೀಲಿಯ ಜ್ವಾಲೆ ಒಳ್ಳೆಯದು, ಹಳದಿಯದು ಕೆಟ್ಟದ್ದು ಎಂದು ನಾವು ಕಲಿತಿರುವೆವು. ಈ ಅಗ್ಗಿಷ್ಟಿಕೆಯಲ್ಲಿ ಹಳದಿಯ ಜ್ವಾಲೆಯನ್ನು ಅಂದಕ್ಕಾಗಿ ಬೇಕೆಂದೇ ಬರಿಸಿರುವರು, ಅದಕ್ಕೆ ಗಾಬರಿಯಾಗಬೇಕಿಲ್ಲ. ಗಾಜಿಗೆ ಕರಿ ಹಿಡಿಯತೊಡಗಿದರೆ ಮಾತ್ರ ಆರಿಸಿ ಫಿಟರನನ್ನು ಕರೆಸಬೇಕು.

ಮೂರು: ವಾಸನೆ. ಸೋರಿದ ಗ್ಯಾಸು ತಿಳಿಯಲೆಂದು ಅದಕ್ಕೆ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುವರು. ವಾಸನೆ ಬಂದರೆ ದೀಪದ ಗುಂಡಿಯನ್ನು ಒತ್ತದೆ ಎಲ್ಲರೂ ಹೊರಬಿದ್ದು, ಹೊರಗಿನಿಂದ ದೂರವಾಣಿ ಮಾಡಬೇಕು. ಆದರೆ ಗ್ಯಾಸು ಉರಿದಾಗ ಆ ದ್ರವ್ಯವೂ ಉರಿದುಹೋಗುವದು. ಆದುದರಿಂದ ವಿಷವಾಯುವಿಗೆ ವಾಸನೆಯಿರದು. ಮನೆಯವರಿಗೆಲ್ಲ ಒಮ್ಮೆಲೇ ತಲೆ ನೋಯತೊಡಗಿ ಹೊರಗೆ ಹೋದರೆ ಹಗುರಾಗುವದಾದರೆ ಅದನ್ನು ಚಳಿಜ್ವರವೆಂದು ತಿಳಿದು ಕಷಾಯ ಕುಡಿದು ಮಲಗಬಾರದು. ಕೂಸನ್ನೆತ್ತಿಕೊಂಡು, ಎಷ್ಟೇ ಚಳಿಯಿರಲಿ, ಮೊದಲು ಹೊರಗೆ ಬರಬೇಕು.

ನಮ್ಮ ಊರಿನ ಮನೆಗಳಲ್ಲಿ

ಈ ತಿಳುವಳಿಕೆಯನ್ನು ಮರಳಿ ಊರಿಗೆ ತರುವದು ಇನ್ನೂ ಅವಶ್ಯ. ಒಲೆಯ ಹೊಗೆಯು ಹೆಂಗಸರ ಕಣ್ಣು ಪುಪ್ಪುಸಗಳನ್ನು ತಿನ್ನುತ್ತಿರುವದನ್ನು ಕಂಡು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974 ರಲ್ಲಿ ಆರಂಭವಾದ ಅಸ್ತ್ರ ವಿಭಾಗದವರು ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿದರು. 2016 ರಲ್ಲಿ ಮೊದಲಾದ ಉಜ್ವಲಾ ಯೋಜನೆಯಿಂದ ಗ್ಯಾಸಿನ ಒಲೆಯು ಬಡವರ ಮನೆಗೂ ಬಂದಿತು. ಇವೆರಡೂ ದೊಡ್ಡ ಉಪಕಾರಗಳು. ಆದರೆ ಗ್ಯಾಸು ಬಂದ ಮೇಲೆ ಬೆಳಕಿಂಡಿ ಯಾಕೆಂದು ಅದನ್ನು ಮುಚ್ಚಿ, ಸ್ಲಾಬಿನ ಮನೆಯಲ್ಲಿ ಕಿಟಕಿಯನ್ನೂ ಹಾಕಿಕೊಳ್ಳುವ ರೂಢಿಯು ಒಳ್ಳೆಯದಲ್ಲ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರವಾದದ್ದು. ಸೋರಿದರೆ ನೆಲದಲ್ಲಿಯೇ ಹರಡಿಕೊಳ್ಳುವದು. ಆದುದರಿಂದ ಮೇಲಿನ ಕಿಂಡಿಯಷ್ಟೇ ಕೆಳಗಿನ ಗಾಳಿಯ ಹಾದಿಯೂ ಬೇಕು. ಸೋರಿಕೆಯಾದರೆ 1906 ಎಂಬ ಸಂಖ್ಯೆಗೆ ತಿಳಿಸಬಹುದು. ಪಟ್ಟಣಗಳಲ್ಲಿ ಮುಚ್ಚಿದ ಸ್ನಾನದ ಕೋಣೆಯ ಗ್ಯಾಸ್ ಗೀಸರಿನಿಂದ ಎಷ್ಟೋ ಜನರು ಸತ್ತಿರುವರು. ಅದನ್ನು ಕೋಣೆಯ ಹೊರಗೆ, ಬಯಲುಗಾಳಿಯಲ್ಲಿಯೇ ಕೂಡಿಸತಕ್ಕದ್ದು.

ಬಾಣಂತಿಯ ಕೋಣೆಗಂತೂ ಕೆಂಡವನ್ನೂ ಸಿಲಿಂಡರಿನ ಹೀಟರನ್ನೂ ಒಯ್ಯಲೇಬಾರದು. ಹೊರಗೆ ಕಾಯಿಸಿದ ನೀರಿನ ಸ್ನಾನ, ಬೆಚ್ಚಗಿನ ಕೌದಿ, ಅರಿವೆ ಸುತ್ತಿದ ಬಿಸಿನೀರಿನ ಚೀಲ, ಬೇಕಾದರೆ ವಿದ್ಯುತ್ತಿನ ಹೀಟರು, ನಮ್ಮ ಹವೆಗೆ ಇಷ್ಟು ಸಾಕು. ಬಾಣಂತಿಗೆ ಗಾಳಿ ತಾಗಬಾರದೆಂಬ ಹಿರಿಯರ ಮಾತಿನಲ್ಲಿ ಪ್ರೀತಿಯಿದೆ. ಆದರೆ ಬೆಂಕಿಯಿದ್ದ ಕೋಣೆಗೆ ಗಾಳಿ ಬೇಡವೆನ್ನುವದು ಬಾಣಂತಿಗೂ ಕೂಸಿಗೂ ಉಸಿರು ಬೇಡವೆಂದಂತೆಯೇ ಆಗುವದು. ಹೊಳೆಆಲೂರಿನ ಮಾಳಿಗೆಯ ಮನೆಯಿರಲಿ, ಹಿಮದ ನಾಡಿನ ಗಾಜಿನ ಅಗ್ಗಿಷ್ಟಿಕೆಯಿರಲಿ, ಬೆಂಕಿಯನ್ನು ಒಳಗೆ ತರುವ ಮೊದಲು ಅದರ ಹೊಗೆಗೆ ಹೊರಗಿನ ಹಾದಿಯನ್ನು ಮಾಡಿಕೊಡುವದು ಗೃಹಸ್ಥನ ಮೊದಲ ಕರ್ತವ್ಯವು.